ಇಳಿಜಾರಿನಲ್ಲಿ ಕ್ಲಚ್ ಹಿಡಿಯಬಾರದು

ಜನವರಿ ೯

ಅಪ್ಪನಿಗೆ,

ಬೈಕು ಕಳುವಾಗಿದೆ ಎಂದು ಪೊಲೀಸ್ ಠಾಣೆಗೆ ಹೋಗಿ ಅಲ್ಲಿನವರ ತಲೆ ತಿನ್ನುವ ಮೊದಲು ಇದನ್ನು ಓದಿ. ಅದನ್ನು ಹೊಡೆದುಕೊಂಡು ಬಂದವಳು ನಾನೇ. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಬಂದಿದ್ದೆ. ಆದರೆ ನಮ್ಮ ಮನೆಯಲ್ಲಿ ಚೀಟಿ ಓದುವುದಕ್ಕಿಂತ ಅದರಲ್ಲಿನ ತಪ್ಪು ತಿದ್ದುವುದೇ ಹೆಚ್ಚಾದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಕರಾವಳಿಯ ಲೈಸೆನ್ಸ್ ಕಚೇರಿಯಲ್ಲಿ ನನಗೆ ಚಾಲನಾ ಪರೀಕ್ಷಕಿಯ ಕೆಲಸ ಸಿಕ್ಕಿದೆ. ನೀವು ಮೂವತ್ತು ವರ್ಷ ಮಾಡಿ ನಿವೃತ್ತರಾದ ಅದೇ ಕೆಲಸ. ಆದೇಶದ ಕಾಗದ ತಂದು ನಿಮ್ಮ ಮುಂದಿಟ್ಟ ದಿನ ನೀವು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. "ಎಂಟು ಹಾಕೋಕೆ ಬರದೋಳು ಊರೋರಿಗೆಲ್ಲ ಎಂಟು ಹಾಕಿಸ್ತಾಳಂತೆ" ಅಂದು ಎದ್ದು ಹೋದಿರಿ.

ಹೌದು, ನೀವು ನನ್ನನ್ನು ಮೂರು ಸಲ ಫೇಲ್ ಮಾಡಿದ್ದೀರಿ. ಸುಣ್ಣದ ಗೆರೆಯಲ್ಲಿ ಬರೆದ ಆ ಎಂಟರ ಸುತ್ತ ಅರ್ಧ ಊರು ನಿಂತು ನೋಡುತ್ತಿತ್ತು. ನಾಲ್ಕನೆಯ ಸಲ ನಿಮ್ಮ ಮುಂದೆ ಬರಲಿಲ್ಲ. ಚಿಕ್ಕಮ್ಮನ ಊರಿಗೆ ಹೋಗಿ, ಅವಳ ಮನೆಯ ವಿಳಾಸ ಕೊಟ್ಟು, ಅಲ್ಲಿ ಪರೀಕ್ಷೆ ಮಾಡಿಸಿಕೊಂಡು ಪಾಸಾದೆ. ವಿಳಾಸ ಸುಳ್ಳು, ಆದ್ದರಿಂದ ಲೈಸೆನ್ಸ್ ಸುಳ್ಳು, ಆದ್ದರಿಂದ ಕೆಲಸವೂ ಸುಳ್ಳು ಎಂದು ಇಲಾಖೆಗೆ ಬರೆಯುತ್ತೇನೆಂದು ಹೆದರಿಸಿದಿರಿ. ಬರೆಯಿರಿ. ಮಗಳ ಅನ್ನಕ್ಕೆ ಕಲ್ಲು ಹಾಕಿದವರು ಅನ್ನುವ ಬಿರುದೂ ಬರಲಿ. ಊರವರು ನಿಮಗಿಟ್ಟ ಫೇಲಪ್ಪ ಅನ್ನುವ ಹೆಸರು ಹಳೆಯದಾಯಿತು, ಬಸ್‌ಸ್ಟಾಂಡಿನ ಆಟೊದವರಿಗೂ ಬೇಜಾರು ಬಂದಿದೆ.

ಬಸ್ಸಿನಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ನಿಮ್ಮ ಗಾಡಿಯಲ್ಲೇ ಬೆಟ್ಟಸಾಲು ಹತ್ತಿ ಇಳಿದು ಸಮುದ್ರದವರೆಗೆ ಹೋಗುತ್ತೇನೆ. ಅದಕ್ಕೆ ಮನೆ ಬಿಟ್ಟರೆ ಆಫೀಸು, ಆಫೀಸು ಬಿಟ್ಟರೆ ಮನೆ. ವಾರಕ್ಕೊಮ್ಮೆ ಮೈ ತೊಳೆಸಿಕೊಂಡು ಕೊಟ್ಟಿಗೆಯ ಎಮ್ಮೆಯ ಹಾಗೆ ನಿಂತಿತ್ತು. ನನ್ನಂತೆ ಅದೂ ಸ್ವಲ್ಪ ಗಾಳಿ ಕಾಣಲಿ.

ಫೋನ್ ಮಾಡಬೇಡಿ. ಫೋನಿನಲ್ಲಾದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ, ಕಾಗದದಲ್ಲಿ ಹಾಕಲಾಗುವುದಿಲ್ಲ. ಬೈಯುವುದಿದ್ದರೆ ಬೆಟ್ಟದ ಮೇಲಿನ ಊರಿನ ಲಾಡ್ಜಿಗೆ ಬರೆಯಿರಿ, ವಿಳಾಸ ಹಿಂದುಗಡೆ ಇದೆ. ಅಲ್ಲಿ ಒಂದು ವಾರ ಇರುವ ಯೋಚನೆ.

ನಿಮ್ಮಿಂದ ಮೂರು ಸಲ ಫೇಲಾದ
ಮಗಳು

ಜನವರಿ ೧೪

ಮಗಳಿಗೆ,

ನಿನ್ನ ಪತ್ರ ತಲುಪಿತು. ಮೂವತ್ತು ವರ್ಷ ಅಲ್ಲ, ಮೂವತ್ತೊಂದು. ಗೊತ್ತಿಲ್ಲದಿದ್ದರೆ ಕೇಳಿ ಬರೆಯಬೇಕು.

ನಾನು ನಿನ್ನನ್ನು ಫೇಲ್ ಮಾಡಲಿಲ್ಲ. ನೀನು ಫೇಲಾದೆ, ನಾನು ಬರೆದುಕೊಂಡೆ. ಮೊದಲ ಸಲ ಎಡಗಾಲು ಊರಿದೆ. ಎರಡನೆಯ ಸಲ ಗೆರೆ ತುಳಿದೆ. ಮೂರನೆಯ ಸಲ ಕಾಲೂ ಊರಲಿಲ್ಲ, ಗೆರೆಯೂ ತುಳಿಯಲಿಲ್ಲ, ಆದರೆ ಕೊನೆಯ ತಿರುವಿನಲ್ಲಿ ನನ್ನ ಮುಖ ನೋಡಿ ನಕ್ಕೆ. ಪರೀಕ್ಷಕನನ್ನು ನೋಡುವವರು ರಸ್ತೆ ನೋಡುವುದಿಲ್ಲ. ಇದರಲ್ಲಿ ಅರ್ಥವಾಗದ್ದು ಏನಿದೆ?

ದೂರಿನ ಕರಡು ತಯಾರಾಗಿದೆ. ನಿಮ್ಮಮ್ಮ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಟೈಪ್ ಮಾಡಿಕೊಡಲು ಒಪ್ಪಲಿಲ್ಲ. ಇಷ್ಟು ವರ್ಷ ನಾನು ಫೇಲ್ ಮಾಡಿದವರೆಲ್ಲ ಹೊಸ ಅರ್ಜಿ ತುಂಬಲು ಅವಳ ಅಂಗಡಿಗೇ ಓಡುತ್ತಿದ್ದರು, ಆ ನೆನಪೂ ಅವಳಿಗಿಲ್ಲ. ಇರಲಿ, ಕೈಬರಹದಲ್ಲೇ ಬರೆದಿದ್ದೇನೆ. ಈಗಲೇ ಕಳಿಸುವುದಿಲ್ಲ. ಇನ್ನೂ ಕೆಲಸಕ್ಕೆ ಸೇರದವಳ ಮೇಲೆ ದೂರು ಕೊಟ್ಟರೆ ಅದು ದೂರಾಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ. ನೀನು ಸೇರಿಕೋ. ಆಮೇಲೆ ನೋಡೋಣ.

ಬೆಟ್ಟದ ರಸ್ತೆ ನಿನ್ನ ಗೆಳತಿಯರ ಮನೆಯ ಅಂಗಳವಲ್ಲ. ಹತ್ತುವುದು ಯಾವ ಪೆದ್ದನಿಗೂ ಬರುತ್ತದೆ, ಇಳಿಯುವುದರಲ್ಲಿ ಮನುಷ್ಯನ ಯೋಗ್ಯತೆ ತಿಳಿಯುತ್ತದೆ. ಸಾವಿರಾರು ಜನರಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ: ಇಳಿಜಾರಿನಲ್ಲಿ ಕ್ಲಚ್ ಹಿಡಿಯಬಾರದು. ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಎರಡನೆಯ ಗೇರಿನಲ್ಲೇ ಕೂತು ಇಳಿಯಬೇಕು. ಕ್ಲಚ್ ಹಿಡಿದವರನ್ನು ನಾನು ಮಾತಿಲ್ಲದೆ ಫೇಲ್ ಮಾಡುತ್ತಿದ್ದೆ.

ನೀನು ಕೇಳುವುದಿಲ್ಲ, ಗೊತ್ತು. ಹೇಳುವುದು ನನ್ನ ಕರ್ತವ್ಯ.

ನಿನ್ನ ತಂದೆ
(ನಿವೃತ್ತ ಪರೀಕ್ಷಕ)

ಜನವರಿ ೨೧

ಅಪ್ಪನಿಗೆ,

ಕೇಳಿದೆ. ಹುಟ್ಟಿದಂದಿನಿಂದ ಮೊದಲನೆಯ ಸಲ ನಿಮ್ಮ ಮಾತು ಕೇಳಿದೆ. ನಿಮ್ಮ ಬೈಕಿನ ಇಂಜಿನ್ ಸೀಜ್ ಆಗಿದೆ.

ಹತ್ತುವಾಗ ಚೆನ್ನಾಗಿಯೇ ಇತ್ತು. ಗಾಡಿ ಹೊಗೆ ಬಿಡುತ್ತ, ಕೆಮ್ಮುತ್ತ, ನನ್ನನ್ನೂ ನನ್ನ ಚೀಲವನ್ನೂ ಎಳೆದುಕೊಂಡು ಹತ್ತಿತು. ಎದುರಿಗೆ ಬರುವ ಲಾರಿಯವರು ಆ ಕಾಲದ ಗಾಡಿ ನೋಡಿ ಹಾರನ್ ಹೊಡೆದು ಕೈ ಬೀಸುತ್ತಿದ್ದರು. ನಿಜ ಹೇಳುತ್ತೇನೆ, ಅಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ. ಲಾಡ್ಜಿನಲ್ಲಿ ಕೂತು ನಿಮ್ಮ ಪತ್ರ ಓದಿ ನಕ್ಕೆ. ಪಕ್ಕದ ಕೋಣೆಯವರಿಗೂ ಓದಿ ಹೇಳಿದೆ.

ಆಮೇಲೆ ಇಳಿಯಲು ಹೊರಟೆ. ನಿಮಗೆ ಬೆಟ್ಟ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ತಡೆಗೋಡೆ ಇರಬೇಕಾದ ಕಡೆ ಮೂರು ಖಾಲಿ ಡ್ರಮ್ಮು ನಿಲ್ಲಿಸಿದ್ದಾರೆ. ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಿರುವು. ಈ ಗಾಡಿಗೆ ಬೇರೆ ಎಣ್ಣೆ ಟ್ಯಾಂಕಿಲ್ಲ, ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಇಂಜಿನ್ನಿಗೆ ಗತಿ ಎಂದು ನನಗೆ ಗೊತ್ತಿತ್ತು. ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಟ್ಟು ಎಣ್ಣೆ ಕುಡಿಸಬೇಕು, ಇಂಥ ಗಾಡಿ ಇಟ್ಟವರೆಲ್ಲ ಹಾಗೆಯೇ ಮಾಡುತ್ತಾರೆ ಎಂದೂ ಗೊತ್ತಿತ್ತು. ಆದರೆ ಹೆದರಿದಾಗ ತಲೆಯೊಳಗೆ ನಿಮ್ಮ ದನಿ ಬಿಟ್ಟು ಇನ್ನೇನೂ ಉಳಿಯಲಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ಕ್ಲಚ್ ಮುಟ್ಟಲಿಲ್ಲ. ಎರಡನೆಯ ಗೇರಿನಲ್ಲಿ, ಸಾಧುವಿನ ಹಾಗೆ, ಇಳಿದೆ ಇಳಿದೆ ಇಳಿದೆ. ಪೆಟ್ರೋಲಿಲ್ಲ, ಎಣ್ಣೆಯಿಲ್ಲ, ಚಕ್ರ ಮಾತ್ರ ಇಂಜಿನ್ನನ್ನು ಒಣಗಂಟಲಲ್ಲಿ ತಿರುಗಿಸುತ್ತಲೇ ಇತ್ತು. ಕೊನೆಗೆ ಕಿರ್ರೆಂದು ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತಿತು, ನಾನು ಬಂಡೆಯ ಕಡೆ ಬಿದ್ದೆ. ಇನ್ನೊಂದು ಕಡೆ ಬಿದ್ದಿದ್ದರೆ ನೀವು ದೂರು ಬರೆಯುವ ಶ್ರಮ ತಪ್ಪುತ್ತಿತ್ತು.

ಮಣಿಕಟ್ಟು ಊದಿದೆ, ಮೊಣಕೈ ತರಚಿದೆ, ಅಷ್ಟೇ. ಕೋಸು ಸಾಗಿಸುವ ಲಾರಿಯವರು ನನ್ನನ್ನೂ ಗಾಡಿಯನ್ನೂ ಮೇಲಿನ ಊರಿಗೆ ವಾಪಸ್ ತಂದು ಹಾಕಿದರು. ಇಲ್ಲಿರುವುದು ಒಂದೇ ಗ್ಯಾರೇಜು. ಮೆಕ್ಯಾನಿಕ್ಕನಿಗೆ ದೊರೆ ಎಂದು ಹೆಸರಿಟ್ಟಿದ್ದಾರೆ, ಕುರ್ಚಿಯಿಂದ ಏಳುವುದಿಲ್ಲವಾದ್ದರಿಂದ. ಕೂತಲ್ಲಿಂದಲೇ ನೋಡಿ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು, ಈ ಗಾಡಿಯ ಪಿಸ್ಟನ್ ಯಾವ ಕಾಲಕ್ಕೆ ಸಿಗುತ್ತದೋ ಹೇಳಲಾರೆ ಅಂದ.

ಮೂವತ್ತೊಂದು ವರ್ಷ ಜನರಿಗೆ ಇಳಿಯುವುದು ಹೇಗೆಂದು ಪಾಠ ಹೇಳಿದಿರಲ್ಲ, ನಿಮ್ಮ ಪರೀಕ್ಷಾ ಮೈದಾನದಲ್ಲಿ ಇಳಿಜಾರು ಎಲ್ಲಿತ್ತು? ನೀವು ಹುಟ್ಟಿದ ಮೇಲೆ ದಾಟಿದ ದೊಡ್ಡ ಬೆಟ್ಟ ಆಫೀಸಿನ ಮುಂದಿನ ರಸ್ತೆಯ ಹಂಪು.

ಮಾತು ಕೇಳಿ ಕೆಟ್ಟ
ಮಗಳು

ಜನವರಿ ೨೭

ಮಗಳಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಿದ್ದೆ, ಅದನ್ನು ಬರೆದಿಲ್ಲ ನೋಡು. ಬಂಕಿನವನು ಸುರಿದಷ್ಟು ಸುರಿಸಿಕೊಂಡು ಹೋಗಿರುತ್ತೀಯ. ನನ್ನ ಕೈಯಲ್ಲಿ ಇಷ್ಟು ವರ್ಷ ಒಂದು ದಿನವೂ ಸೀಜ್ ಆಗದ ಗಾಡಿ ನಿನ್ನ ಕೈಗೆ ಬಂದ ಕೂಡಲೇ ಸೀಜ್ ಆಯಿತು ಎಂದರೆ ತಪ್ಪು ಯಾರದು ಎಂದು ದಾರಿಯಲ್ಲಿ ಹೋಗುವವರೂ ಹೇಳುತ್ತಾರೆ.

ನಿಯಮ ನಿಯಮವೇ. ಅದನ್ನು ನಾನು ಮಾಡಿದ್ದಲ್ಲ, ಪುಸ್ತಕದಲ್ಲಿದೆ.

ಊದಿರುವುದು ಯಾವ ಮಣಿಕಟ್ಟು? ಎಡಗೈಯೋ ಬಲಗೈಯೋ ಎಂದು ಬರೆಯುವಷ್ಟೂ ವಿವರ ಕೊಡಲಾರದವಳು ಪರೀಕ್ಷಾ ವರದಿ ಹೇಗೆ ಬರೆಯುತ್ತಾಳೋ. ಎಲುಬಿನ ಡಾಕ್ಟರಿಗೆ ತೋರಿಸಿ ಫೋಟೊ ತೆಗೆಸು. ಮುಲಾಮು ಕಳಿಸಿದ್ದೇನೆ, ನಿಮ್ಮಮ್ಮ ಕಳಿಸಿದ್ದು ಎಂದುಕೊಂಡು ಹಚ್ಚಿಕೋ.

ಗಾಡಿಯನ್ನು ಅಲ್ಲಿಯೇ ಬಿಟ್ಟು ಹೋಗಬೇಡ. ಆ ಕುರ್ಚಿಯವನು ಬಿಡಿಭಾಗ ಬಿಚ್ಚಿ ಮಾರಿಬಿಡುತ್ತಾನೆ.

ನಿನ್ನ ತಂದೆ

ಫೆಬ್ರವರಿ ೫

ಅಪ್ಪನಿಗೆ,

ಬಿಟ್ಟು ಬಂದಿದ್ದೇನೆ. ಪಿಸ್ಟನ್ನಿಗೆ ಕಾಯುತ್ತ ಕೂತಿದ್ದರೆ ನನ್ನ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತು. ಬಸ್ಸಿನಲ್ಲಿ ಇಳಿದೆ. ಬಿದ್ದ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡೆ, ಹಿಂದಿನ ಸೀಟಿನ ಹೆಂಗಸು ನಿಂಬೆಹಣ್ಣು ಕೊಟ್ಟಳು.

ಸೋಮವಾರ ಸೇರಿದೆ. ಇನ್ನು ನಿಮ್ಮ ದೂರು ದೂರೇ ಆಗುತ್ತದೆ, ಹೊಟ್ಟೆಕಿಚ್ಚಾಗುವುದಿಲ್ಲ. ಕಳಿಸಲು ಅಡ್ಡಿಯಿಲ್ಲ.

ಗಾಡಿ ಬೇಕಿದ್ದರೆ ನೀವೇ ಹೋಗಿ ತನ್ನಿ. ಹೋಗುವುದಿಲ್ಲ, ನನಗೆ ಗೊತ್ತು. ಅಲ್ಲಿಗೆ ಹೋಗಲು ಬೆಟ್ಟ ಹತ್ತಬೇಕು.

ಊದಿದ್ದು ಎಡಗೈ. ಮೂಳೆ ಮುರಿದಿಲ್ಲ.

ಮಗಳು

ಮಾರ್ಚ್ ೧೦

ಅಪ್ಪನಿಗೆ,

ಒಂದು ತಿಂಗಳಿಂದ ನಿಮ್ಮಿಂದ ಸುದ್ದಿಯಿಲ್ಲ. ಸುಮ್ಮನಿರುವವರಲ್ಲ ನೀವು. ಏನೋ ನಡೆಸಿದ್ದೀರಿ.

ಇಲ್ಲಿ ಬೆಳಗ್ಗೆ ಟಪಾಲಿನವನು ಬಂದು ಸಾಹೇಬರ ಮೇಜಿನ ಮೇಲೆ ಕಟ್ಟು ಇಡುತ್ತಾನೆ. ನಾನು ಮೈದಾನದಲ್ಲಿ ನಿಂತು ಎಂಟು ಹಾಕಿಸುತ್ತಿದ್ದರೂ ಕಣ್ಣು ಅವರ ಕೋಣೆಯ ಕಿಟಕಿಯ ಮೇಲೆಯೇ. ಸಾಹೇಬರು ಒಂದು ಕವರು ಒಡೆದು ಹುಬ್ಬು ಗಂಟಿಕ್ಕಿದರೆ ಸೀಟಿ ಊದುವುದನ್ನೇ ಮರೆಯುತ್ತೇನೆ. ಮೊನ್ನೆ ಹಾಗೆ ನೋಡುತ್ತಿದ್ದಾಗ ಮೀನು ಮಾರುವ ಒಬ್ಬರು ಗೆರೆ ತುಳಿದರೋ ಇಲ್ಲವೋ ನನಗೆ ಕಾಣಲೇ ಇಲ್ಲ. ಪಾಸು ಅಂತ ಬರೆದೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಇದೂ ನಿಮ್ಮ ಕೃಪೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಳಿಸುವುದಿದ್ದರೆ ಕಳಿಸಿಬಿಡಿ. ಇಲ್ಲವೆಂದರೆ ಹರಿದುಹಾಕಿದೆ ಎಂದು ಒಂದು ಸಾಲು ಬರೆಯಿರಿ. ನಿಮ್ಮೆದುರು ಬಾಯಿಬಿಟ್ಟು ಕೇಳುವುದಕ್ಕಿಂತ ಬಾವಿಗೆ ಬೀಳುವುದು ಮೇಲು, ಆದರೂ ಹೇಳುತ್ತೇನೆ: ಈ ಕೆಲಸ ನನಗೆ ಬೇಕು. ಬೇರೆ ಯಾವುದೂ ಬೇಡ. ಚಿಕ್ಕವಳಿದ್ದಾಗ ನೀವು ಸೀಟಿ ಊದಿದ ಕೂಡಲೇ ದೊಡ್ಡ ದೊಡ್ಡ ಗಂಡಸರು ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದುದನ್ನು ಅಮ್ಮನ ಅಂಗಡಿಯ ಬಾಗಿಲಿನಿಂದ ನೋಡಿದ್ದೇನೆ. ಅವತ್ತಿನಿಂದ ಬೇಕು.

ಇದನ್ನು ಓದಿ ನೀವು ನಗುವುದಾದರೆ ನಗಿ.

ಮಗಳು

ಮಾರ್ಚ್ ೩೦

ಕಂದಾ,

ನಿಮ್ಮಪ್ಪ ಹೇಳದೆ ಕೇಳದೆ ಹೋಗಿದ್ದಾರೆ. ಬಟ್ಟೆಚೀಲ, ನಿಯಮದ ಪುಸ್ತಕ, ಎಣ್ಣೆ ಅಳೆಯೋ ಲೋಟ, ಇಷ್ಟು ಇಲ್ಲ. ಮೇಜಿನ ಖಾನೆಯಲ್ಲಿದ್ದ ಆ ದೂರಿನ ಕಾಗದವೂ ಇಲ್ಲ. ಹರಿದುಹಾಕೋಣ ಅಂತ ನಾನು ಎರಡು ತಿಂಗಳಿಂದ ಕೀಲಿ ಹುಡುಕ್ತಿದ್ದೆ, ಬನಿಯನ್ನಿನ ಜೇಬಲ್ಲಿ ಇಟ್ಕೊಂಡು ಮಲಗ್ತಿದ್ರು ಮಾರಾಯರು.

ನಿನ್ನ ಹಂಪಿನ ಮಾತು ಇದೆಯಲ್ಲ, ಅದು ಅವರಿಗೆ ಮುಳ್ಳಿನ ಥರ ಚುಚ್ಚಿಬಿಟ್ಟಿದೆ. ತಿಂಗಳಿಡೀ ಊಟಕ್ಕೆ ಕೂತಾಗೆಲ್ಲ "ಹಂಪಂತೆ, ಹಂಪು" ಅನ್ನೋದು, ತಟ್ಟೆ ಸರಿಸೋದು. ನನಗೆ ಸಾಕಾಗಿಹೋಗಿದೆ. ಅವರು ನಿನ್ನ ಹತ್ರ ಬಂದರೆ ಊಟ ಹಾಕಿ ಆಮೇಲೆ ಜಗಳ ಆಡು. ಮಾತ್ರೆ ಮರೆತು ಹೋಗಿದ್ದಾರೆ, ಬೇರೆ ಕೊಡಿಸು.

ಅಮ್ಮ

ಏಪ್ರಿಲ್ ೨

ಮಗಳಿಗೆ,

ಬೆಟ್ಟದ ಮೇಲಿನ ಊರಿನಿಂದ ಬರೆಯುತ್ತಿದ್ದೇನೆ. ನೀನು ಇದ್ದ ಲಾಡ್ಜಿನಲ್ಲಿಯೇ ಇದ್ದೇನೆ. ಬಕೆಟ್ಟಿಗೆ ಹಿಡಿಯಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಇಂಥ ಕಡೆ ಒಂಟಿ ಹೆಣ್ಣುಮಗಳು ಇದ್ದಳು ಎಂದರೆ ಅವಳಿಗೆ ಧೈರ್ಯ ಹೆಚ್ಚೋ ಬುದ್ಧಿ ಕಡಿಮೆಯೋ, ತೀರ್ಮಾನಿಸಿಲ್ಲ.

ಪಿಸ್ಟನ್ ಬಂದು ವಾರಗಳಾಗಿವೆ. ಕುರ್ಚಿಯವನು ಹಾಕಿರಲಿಲ್ಲ, ಯಾರೂ ಕೇಳಲಿಲ್ಲವಲ್ಲ ಅಂದ. ಅವನ ಎದುರು ಸ್ಟೂಲು ಹಾಕಿಕೊಂಡು ಕೂತೆ. ಮಧ್ಯಾಹ್ನದವರೆಗೆ ಇಬ್ಬರೂ ಕೂತೇ ಇದ್ದೆವು. ಆಮೇಲೆ ಅವನು ಎದ್ದ. ಊರಿನವರು ಬಂದು ನೋಡಿಕೊಂಡು ಹೋದರು.

ಗಾಡಿಯನ್ನು ಮನೆಗೆ ಒಯ್ಯುತ್ತಿಲ್ಲ. ನಾಳೆ ನಿನ್ನ ಕಡೆಯ ದಾರಿಯಲ್ಲಿ ಇಳಿಯುತ್ತೇನೆ. ನಿಯಮದ ಪ್ರಕಾರ ಇಳಿದು ತೋರಿಸುತ್ತೇನೆ. ದೂರಿನ ಕಾಗದವನ್ನು ನಿಮ್ಮ ಮೇಲಧಿಕಾರಿಯ ಕೈಗೇ ಕೊಡುತ್ತೇನೆ, ಅಂಚೆಯ ಮೇಲೆ ನನಗೆ ಭರವಸೆಯಿಲ್ಲ.

ನಿನ್ನ ಮಾರ್ಚ್ ತಿಂಗಳ ಪತ್ರ ಸಿಕ್ಕಿದೆ. ಗೆರೆ ತುಳಿದದ್ದು ಕಾಣದಿದ್ದರೆ ಪಾಸು ಎಂದು ಬರೆಯುವಂತಿಲ್ಲ. ಮತ್ತೆ ಹಾಕಿಸಬೇಕು.

ನಿನ್ನ ತಂದೆ

ಏಪ್ರಿಲ್ ೩

ಮಗಳಿಗೆ,

ಬೆಟ್ಟದ ಬುಡದ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿನ ಮೇಜು ಅಲ್ಲಾಡುತ್ತದೆ, ಅಕ್ಷರ ನೋಡಿ ನಗಬೇಡ.

ಮೊದಲ ತಿರುವುಗಳನ್ನು ಪುಸ್ತಕದ ಪ್ರಕಾರ ಇಳಿದೆ. ಗಾಡಿ ಕಾದು ವಾಸನೆ ಬರತೊಡಗಿತು. ಆ ಡ್ರಮ್ಮುಗಳು ಕಂಡವು. ಬಂಡೆಯ ಮೇಲೆ ಹ್ಯಾಂಡಲ್ ಉಜ್ಜಿದ ಗೀರು ಇನ್ನೂ ಇದೆ. ಗಾಡಿ ನಿಲ್ಲಿಸಿ ಇಳಿದು ನೋಡಿದೆ. ಬಲಗಡೆಗೂ ಹೋಗಿ ಬಗ್ಗಿ ನೋಡಿದೆ, ನೋಡಬಾರದಿತ್ತು. ಬಹಳ ಹೊತ್ತು ಅಲ್ಲಿಯೇ ಕೂತಿದ್ದೆ. ಲಾರಿಯವನೊಬ್ಬ ನಿಲ್ಲಿಸಿ, "ಯಜಮಾನ್ರೇ, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದ. ನಾನು ಅವನ ಹೆಡ್‌ಲೈಟು ಒಡೆದಿದೆ ಎಂದು ತಿಳಿಸಿದೆ.

ಅಲ್ಲಿಂದ ಕೆಳಕ್ಕೆ ಕ್ಲಚ್ ಹಿಡಿದು, ರೇಸ್ ಕೊಟ್ಟು, ಬಿಟ್ಟು, ಮತ್ತೆ ಹಿಡಿದು ಇಳಿದೆ. ಪ್ರತಿ ತಿರುವಿನಲ್ಲೂ ಕಾಲು ಊರಿದೆ. ಎರಡು ಕಾಲೂ. ಇದನ್ನು ನಿನ್ನಿಂದ ಕಲಿತೆ ಎಂದು ತಿಳಿಯಬೇಡ, ಬೇರೆ ದಾರಿ ಇರಲಿಲ್ಲ.

ಆ ಕಾಗದ ಜೇಬಿನಲ್ಲಿದೆ. ನಾಳೆ ನಿಮ್ಮ ಕಚೇರಿ ತೆರೆಯುವ ವೇಳೆಗೆ ಅಲ್ಲಿರುತ್ತೇನೆ.

ನಿನ್ನ ತಂದೆ

ಏಪ್ರಿಲ್ ೧೨

ಅಪ್ಪನಿಗೆ,

ನಿಮ್ಮ ಬೆಟ್ಟದ ಬುಡದ ಪತ್ರ ನೀವು ಬಂದು ಹೋದ ಮೇಲೆ ತಲುಪಿತು. ಅಂಚೆಯ ಬಗ್ಗೆ ನೀವು ಹೇಳಿದ್ದು ಸರಿ.

ಅವತ್ತು ನಿಮ್ಮನ್ನು ಮೊದಲು ಕಂಡದ್ದು ಕಾಂಪೌಂಡಿನ ಆಚೆ. ಹಿಂದಿನ ದಿನದ ಧೂಳು ಮೆತ್ತಿಕೊಂಡು ಗಾಡಿಗೆ ಒರಗಿ ನಿಂತಿದ್ದಿರಿ. ನನ್ನ ಕಡೆ ಕೈ ಕೂಡ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಹಳ ಹೊತ್ತು ನೋಡಿದಿರಿ, ಆಮೇಲೆ ಮಂಡಿಯ ಮೇಲೆ ಹೊಸ ಕಾಗದ ಇಟ್ಟು ಪುಟದ ಮೇಲೆ ಪುಟ ಗೀಚಿದಿರಿ, ಆಮೇಲೆ ನೆಟ್ಟಗೆ ಸಾಹೇಬರ ಕೋಣೆಗೆ ಹೋದಿರಿ. ಮುಗಿಯಿತು ಅಂದುಕೊಂಡೆ. ನಿಂತಿದ್ದ ಅಭ್ಯರ್ಥಿಗೆ ಕೂತಿರಿ ಎಂದು ಹೇಳಿ ನೀರು ಕುಡಿಯಲು ಹೋದೆ. ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ, ಜವಾನ ಕೇಳಿಸಿಕೊಂಡಿದ್ದಾನೆ.

ಸಾಹೇಬರು ಕರೆಸಿದಾಗ ನೀವು ಆಗಲೇ ಹೊರಟುಹೋಗಿದ್ದಿರಿ. ಅವರು ಮೂರು ಪುಟ ನನ್ನ ಮುಂದೆ ತಳ್ಳಿದರು.

ಚಿಕ್ಕಮ್ಮನ ವಿಳಾಸದ ಮಾತೇ ಇಲ್ಲ. ಲೈಸೆನ್ಸಿನ ಮಾತೇ ಇಲ್ಲ. ಈ ಕಚೇರಿಯ ಪರೀಕ್ಷಕರು ಬಿಸಿಲಿಗೆ ಹೆದರಿ ತಗಡಿನ ನೆರಳಿನಲ್ಲಿ ನಿಲ್ಲುತ್ತಾರೆ, ಅಲ್ಲಿಂದ ಹಿಂದಿನ ಚಕ್ರ ಕಾಣುವುದಿಲ್ಲ. ಪರೀಕ್ಷಕರು ಗೆರೆಗೆ ಬಣ್ಣ ಬಳಿಸಿಲ್ಲ. ಪರೀಕ್ಷಕರು ವಯಸ್ಸಾದ ಅಭ್ಯರ್ಥಿಗಳಿಗೆ ಕರುಣೆ ತೋರಿಸುತ್ತಾರೆ, ಇದು ಆ ಅಭ್ಯರ್ಥಿಗಳಿಗೇ ಅಪಾಯ. ಇಂಥ ಪರೀಕ್ಷಕರಿಗೆ ಮೇಲಧಿಕಾರಿಗಳು ತಿಳಿಹೇಳಬೇಕು. ಮೂರು ಪುಟ, ಒಂದು ಒಳ್ಳೆಯ ಮಾತಿಲ್ಲ.

ಸಾಹೇಬರು ಕನ್ನಡಕ ತೆಗೆದು ಕೇಳಿದರು, "ಯಾರಮ್ಮ ಇವರು? ನಿಮ್ಮ ಮೇಲೆ ಯಾಕೆ ಇಷ್ಟು ಹಗೆ?"

"ನಮ್ಮಪ್ಪ ಸರ್" ಅಂದೆ. ಅಳು ಬಂತು. ಅವರೆದುರು ಅಳಬಾರದೆಂದು ಕೆಮ್ಮಿದೆ, ಅವರು ಫ್ಯಾನು ಕಡಿಮೆ ಮಾಡಿದರು.

ಎರಡು ತಿಂಗಳು ನಾನು ಹೆದರಿದ್ದೆಲ್ಲ ನೀವು ದೂರು ಕೊಡುತ್ತೀರೆಂದು. ಕೊಟ್ಟಿರಿ. ಪರೀಕ್ಷೆ ಸರಿಯಾಗಿ ಮಾಡಲಿಲ್ಲ ಎಂದು ಪರೀಕ್ಷಕರ ಮೇಲಲ್ಲದೆ ಇನ್ನಾರ ಮೇಲೆ ದೂರು ಕೊಡಲು ಬರುತ್ತದೆ? ನೀನೂ ಪರೀಕ್ಷಕಿ ಎಂದು ಬಾಯಲ್ಲಿ ಒಂದು ಸಲ ಹೇಳಿದ್ದರೆ ಸಾಕಿತ್ತು. ಬಾಯಲ್ಲಿ ಹೇಳಿದರೆ ನಿಮ್ಮ ಆಸ್ತಿ ಕರಗಿಹೋಗುತ್ತದೆ, ಅಲ್ಲವೇ?

ಗೇಟಿಗೆ ಓಡಿ ಬಂದೆ. ಗಾಡಿ ಸ್ಟಾಂಡ್ ಹಾಕಿ ನಿಂತಿತ್ತು, ಕೀಲಿ ಕಾವಲುಗಾರನ ಹತ್ತಿರ ಇತ್ತು. ನೀವು ಬಸ್ಸು ಹಿಡಿದಿರಂತೆ. ಅಷ್ಟು ದೂರ ಬಂದು ಸಮುದ್ರವನ್ನಾದರೂ ನೋಡಿದಿರಾ? ಕಚೇರಿಯ ಹಿಂದೆಯೇ ಇದೆ. ಕೇಳಿದರೆ ಅಲೆ ನೆಟ್ಟಗಿಲ್ಲ ಅನ್ನುತ್ತೀರಿ.

ಸಾಹೇಬರು ಲಿಖಿತ ಉತ್ತರ ಕೇಳಿದರು, ಬರೆದುಕೊಟ್ಟಿದ್ದೇನೆ. ನೆರಳು, ಬಣ್ಣ, ಎರಡು ಆರೋಪ ಒಪ್ಪಿದ್ದೇನೆ. ಅವತ್ತಿನಿಂದ ಬಿಸಿಲಿನಲ್ಲೇ ನಿಲ್ಲುತ್ತಿದ್ದೇನೆ, ಮೂಗು ಸುಟ್ಟಿದೆ. ಮೂರನೆಯದನ್ನು ಒಪ್ಪಿಲ್ಲ. ವಯಸ್ಸಾದವರಿಗೆ ನಾನು ಕರುಣೆ ತೋರಿಸುವುದಿಲ್ಲ. ಹೌದೋ ಅಲ್ಲವೋ ಎಂದು ನೀವೇ ಬಂದು ನೋಡಿ. ಈ ಸಲ ಕಾಂಪೌಂಡಿನ ಆಚೆ ನಿಲ್ಲಬೇಡಿ, ಒಳಗೆ ಬನ್ನಿ, ಊಟಕ್ಕೆ ಉಳಿಯಿರಿ.

ನಿಮ್ಮ ಮಗಳು